ತಲೆಕಟ್ಟು

ಕೊಟ್ಟೂರೇಶ್ವರನ ಗುಡಿಗೆ ಹೋಗಿ ಬಂದು, ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು, ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನನಗೊಂದು ಅಭ್ಯಾಸ: ಅಂಗಡಿಗಳ ಬೋರ್ಡು ಓದುವುದು. ಸಾಮಾನು ಕೊಳ್ಳುವುದಕ್ಕಲ್ಲ, ಅಕ್ಷರ ನೋಡುವುದಕ್ಕೆ. ಹಿಂದೆ ನಮ್ಮ ಕಡೆ ಬೋರ್ಡು ಬರೆಯುವ ಆರ್ಟಿಸ್ಟ್‌ಗಳು ದಾರಕ್ಕೆ ಸುಣ್ಣ ಹಚ್ಚಿ ತಗಡಿನ ಮೇಲೆ ಗೀಟು ಹೊಡೆದು, ಕೆಂಪು ಅಕ್ಷರಕ್ಕೆ ಹಳದಿ ಅಂಚು, ಅದರ ಬಲಕ್ಕೆ ಕರಿ ಶೇಡು ಕೊಟ್ಟು ಬರೆಯುತ್ತಿದ್ದರು. ಅಕ್ಷರ ತಗಡಿನಿಂದ ಎದ್ದು ಬಂದಂತೆ ಕಾಣುತ್ತಿತ್ತು. ಈಗ ಅಂಚು ಹೋಯಿತು, ಶೇಡು ಹೋಯಿತು. ಬಿಳಿ ನೆಲ, ಒಂದೇ ಬಣ್ಣ, ಒಂದೇ ದಪ್ಪದ ಬೋಳು ಅಕ್ಷರ.

ಇದಕ್ಕೆ ಡಿಸೈನಿನವರು ಸ್ಯಾನ್ಸ್ ಸೆರಿಫ್ ಅನ್ನುತ್ತಾರೆ. ಇಂಗ್ಲಿಷ್ ಅಕ್ಷರದ ತುದಿಗಳಲ್ಲಿ ಸಣ್ಣ ಕಡ್ಡಿಯಂಥ ಬಾಲ ಇರುತ್ತದಲ್ಲ, ಅದು ಸೆರಿಫ್. ಅದನ್ನು ತೆಗೆದರೆ ಸ್ಯಾನ್ಸ್ ಸೆರಿಫ್. ಲಂಡನ್ನಿನ ವಿಲಿಯಂ ಕ್ಯಾಸ್ಲನ್ ಅಂಥ ಮೊದಲ ಅಚ್ಚುಮೊಳೆಯನ್ನು 1816ರಲ್ಲಿ ತೋರಿಸಿದ. ಅದರ ಮರುವರ್ಷವೇ ಸೇರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಬೋಳು ಇಂಗ್ಲಿಷ್ ಅಕ್ಷರವೂ ಕನ್ನಡದ ಅಚ್ಚಕ್ಷರವೂ ಹೆಚ್ಚುಕಡಿಮೆ ಓರಗೆಯವು. 1843ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಶುರುಮಾಡಿದ ‘ಮಂಗಳೂರ ಸಮಾಚಾರ’ ಮರುವರ್ಷ ‘ಕನ್ನಡ ಸಮಾಚಾರ’ವಾಗಿ ನಮ್ಮ ಬಳ್ಳಾರಿಗೆ ಬಂತು. ಅದೇ ಬಾಸೆಲ್ ಊರಿನ ಮಗ್ಗುಲಲ್ಲಿ, ಮ್ಯೂನ್ಶೆನ್‌ಸ್ಟೈನ್‌ನಲ್ಲಿ, 1957ರಲ್ಲಿ ಹೆಲ್ವೆಟಿಕಾ ಎಂಬ ಬೋಳು ಅಚ್ಚಕ್ಷರ ಹುಟ್ಟಿತು. ಇವತ್ತಿನ ಬೋಳು ಲೋಗೋಗಳಲ್ಲಿ ಎಷ್ಟೋ ಅದರ ಮಕ್ಕಳು ಮೊಮ್ಮಕ್ಕಳು. 2015ರಲ್ಲಿ ಗೂಗಲ್ ತನ್ನ ಹೆಸರಿನ ಬಾಲಗಳನ್ನು ಕಳಚಿತು, 2018ರಲ್ಲಿ ಬಟ್ಟೆ ಕಂಪನಿ ಬರ್ಬೆರಿ ಕಳಚಿತು. ಕಾರಣ ಸರಳ: ಫೋನಿನ ಮೇಲೆ ಉಗುರಿನಷ್ಟು ಜಾಗದಲ್ಲಿ ಸಣ್ಣ ಬಾಲಗಳು ಉಳಿಯುವುದಿಲ್ಲ.

ಚಿಕ್ಕದು ಮಾಡುವುದಕ್ಕೆ ನನ್ನ ತಕರಾರಿಲ್ಲ. ಚಿಕ್ಕದು ಮಾಡುವುದರಲ್ಲಿ ನಮ್ಮ ಸೀಮೆ ಮೊದಲಿನಿಂದಲೂ ಗಟ್ಟಿ. ಹಗರಿಬೊಮ್ಮನಹಳ್ಳಿ ಎಂಬ ಎಂಟಕ್ಷರವನ್ನು ಹ.ಬೊ.ಹಳ್ಳಿ ಮಾಡಿದವರು ನಾವೇ. ಹೂವಿನಹಡಗಲಿಯ ಹೂವು ಮಲ್ಲಿಗೆಯಲ್ಲಿ ಉಳಿಯಿತು, ಮಾತಿನಲ್ಲಿ ಹಡಗಲಿ ಸಾಕಾಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಒಂದರ ಕೆಳಗೊಂದು ಬರೆದು ನೋಡಿ. ಐದರಲ್ಲಿ ಹಡಗಲಿಗೆ ಮಾತ್ರ ಒತ್ತಿಲ್ಲ. ಉಳಿದ ನಾಲ್ಕೂ ಊರು ಸಾಲಿನ ಕೆಳಗೆ ಜಾಗ ಕೇಳುತ್ತವೆ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರಕ್ಕೆ ಸಾಲಾಗಿ ನಿಲ್ಲುತ್ತವೆ, ಅವಕ್ಕೆ ಆ ಜಾಗ ಬೇಡ. ಆ ಅಳತೆಯಲ್ಲಿ ಬೋರ್ಡಿನ ಪಟ್ಟಿ ಕೊಯ್ದು ಅದರೊಳಗೆ ಕನ್ನಡ ತುಂಬಿದರೆ ಕೊಟ್ಟೂರಿನ ಒತ್ತು ಇರುವೆಯಾಗುತ್ತದೆ.

ನನ್ನ ಅಕ್ಕನ ಮಗ ಶೇಂಗಾ ಎಣ್ಣೆಯ ಗಾಣ ಹಾಕಿದ. ಹೆಸರು ‘ಗಾಣದ ಮನೆ’. ದೂರದ ಊರಿನ ಒಬ್ಬ ಡಿಸೈನರ್ ಹತ್ತಿರ ಲೋಗೋ ಮಾಡಿಸಿಕೊಂಡು ಬಂದು ತೋರಿಸಿದ. ದ ಮತ್ತು ಮ ಎರಡರ ತಲೆಕಟ್ಟೂ ಮಾಯ!

“ಮಾಮಾ, ಈಗ ದೊಡ್ಡ ಕಂಪನಿಯೋರೆಲ್ಲ ಹಿಂಗ ಮಾಡ್ಸ್ತಾರ, ಕ್ಲೀನ್ ಕಾಣ್ತೈತಿ” ಅಂದ.

ಪಕ್ಕದಲ್ಲಿ ಕೂತಿದ್ದ ನಮ್ಮ ಅಕ್ಕ ಕನ್ನಡಕ ಏರಿಸಿ ಓದಿದಳು: “ಗಾಣ್ದ… ಮುಂದ ಏನೋ ಇದು?”

ಅಕ್ಕ ತಪ್ಪು ಓದಲಿಲ್ಲ. ಕನ್ನಡದಲ್ಲಿ ತಲೆಕಟ್ಟು ಅಲಂಕಾರವಲ್ಲ. ಒಂದನೇ ಇಯತ್ತೆಯಲ್ಲಿ ನಾವೆಲ್ಲ ರಾಗವಾಗಿ ಹೇಳಿದ್ದು ನೆನಪಿರಬೇಕು: ತಲೆಕಟ್ಟು, ಇಳಿ, ಗುಡಿಸು, ಕೊಂಬು. ಕಾಗುಣಿತದ ಮೊದಲ ಗುರುತೇ ಅದು. ಅಕ್ಷರದೊಳಗಿನ ‘ಅ’ಕಾರ ಕೂತಿರುವುದು ಅಲ್ಲಿ. ಬ, ಲ, ಣ, ಜ, ಟ ಮುಂತಾದ ಕೆಲವಕ್ಕೆ ಹುಟ್ಟಿನಿಂದಲೇ ತಲೆಕಟ್ಟಿಲ್ಲ, ಅವು ಹಾಗೇ ಚೆಂದ. ಆದರೆ ದ, ಗ, ಕ, ಪ, ಡ, ಳ ಇವುಗಳ ತಲೆಕಟ್ಟು ತೆಗೆದರೆ ಉಳಿಯುವುದು ಅವುಗಳ ಒತ್ತು. ಇವು ಒತ್ತಕ್ಷರ ಆಗುವುದೇ ಹಾಗೆ, ತಲೆಕಟ್ಟು ಬಿಚ್ಚಿಟ್ಟು ಕೆಳಗಿಳಿದು. ಡಿಸೈನರ್ ಮಾಡಿದ್ದು ಏನೆಂದರೆ, ಕೆಳಗಿರಬೇಕಾದ ಒತ್ತನ್ನು ತಂದು ಮೇಲಿನ ಸಾಲಿನಲ್ಲಿ ನಿಲ್ಲಿಸಿದ್ದು. ಅವರು ತಲೆಕಟ್ಟನ್ನು ಸೆರಿಫ್ ಎಂದು ತಿಳಿದಿದ್ದರು. ಇಂಗ್ಲಿಷಿನಲ್ಲಿ ಸೆರಿಫ್ ತೆಗೆದರೂ ಎ ಎಯೇ. ಇಲ್ಲಿ ತಲೆಕಟ್ಟು ತೆಗೆದರೆ ಓದೇ ಬದಲಾಗುತ್ತದೆ.

ಹಾಗಾದರೆ ಕನ್ನಡಕ್ಕೆ ಸರಳ ಅಕ್ಷರ ಇಲ್ಲವೇ? ಉಂಟು. ದಪ್ಪ ಸಣ್ಣ ಗೆರೆಗಳ ವ್ಯತ್ಯಾಸ ಬಿಟ್ಟು ಎಲ್ಲವನ್ನೂ ಒಂದೇ ದಪ್ಪಕ್ಕೆ ತಂದರೆ ಅದೇ ನಮ್ಮ ಸ್ಯಾನ್ಸ್. ನೋಟೋ ಸ್ಯಾನ್ಸ್ ಕನ್ನಡ ಎಂಬ ಫಾಂಟು ಹಾಗಿದೆ. ಏಕ್ ಟೈಪ್‌ನವರ ಬಾಲೂ ತಮ್ಮ, ಅನೇಕ್ ಕನ್ನಡ ಕೂಡ ಹಾಗೇ ಇವೆ. ಅವು ಎಷ್ಟು ಸರಳವಾದರೂ ತಲೆಕಟ್ಟನ್ನು ಮುಟ್ಟಿಲ್ಲ. ಅನೇಕ್ ಅಂತೂ ಬೇಕೆಂದಂತೆ ಕುಗ್ಗುತ್ತದೆ, ಹಿಗ್ಗುತ್ತದೆ. ಹ.ಬೊ.ಹಳ್ಳಿ ಎಂದು ಮೊಟಕು ಮಾಡದೆ ಪೂರ್ತಿ ಹೆಸರನ್ನೇ ಒಂದು ಸಾಲಿಗೆ ಕೂರಿಸಬಹುದು.

ಹರಪನಹಳ್ಳಿಯ ಹತ್ತಿರ ಬಾಗಳಿಯ ಕಲ್ಲೇಶ್ವರ ದೇವಾಲಯಕ್ಕೆ ಹೋದವರು ಅಲ್ಲಿನ ಶಾಸನಗಳ ಮುಂದೆ ಸ್ವಲ್ಪ ನಿಲ್ಲಬೇಕು. ಒಂದು ಕ್ರಿ.ಶ. 987ರದು. ಉಳಿಯ ಏಟಿಗೆ ಗೆರೆ ಒಂದೇ ಹದ, ದುಂಡು ಅಕ್ಷರ, ಮೇಲೆ ಪುಟ್ಟ ತಲೆಕಟ್ಟು. ಬಳಪವಲ್ಲ, ಕುಂಚವಲ್ಲ, ಕಲ್ಲಿನ ಮೇಲೆ ಉಳಿ. ಒಂದೊಂದು ಗೆರೆಗೂ ಬೆವರು ಸುರಿಸಬೇಕಾಗಿದ್ದ ಆ ಕೈ ಬೇಡದ್ದನ್ನೆಲ್ಲ ಬಿಟ್ಟಿತು, ತಲೆಕಟ್ಟನ್ನು ಬಿಡಲಿಲ್ಲ. ನನ್ನ ಪಾಲಿಗೆ ಕನ್ನಡದ ಅತ್ಯುತ್ತಮ ಲೋಗೋ ಪಾಠ ಅದು.

ಮತ್ತೆ ಬೋರ್ಡಿಗೆ ಬಂದರೆ, ರಾಜ್ಯದ ಕಾನೂನಿಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಂಗಡಿಯ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಜಾಗ ಸಿಕ್ಕಿತು, ಆ ಜಾಗದಲ್ಲಿ ಏನು ಕೂರುತ್ತದೆ ಎಂಬುದನ್ನು ನೋಡಿಕೊಳ್ಳಬೇಕಾದವರು ನಾವು. ಅಳಿಯ ಲೋಗೋ ತಿದ್ದಿಸಿದ. ದ ಮತ್ತು ಮ ತಮ್ಮ ತಲೆಕಟ್ಟಿನೊಂದಿಗೆ ಈಗ ಎಣ್ಣೆ ಡಬ್ಬಿಯ ಮೇಲಿವೆ. ನೀವೂ ಬೋರ್ಡು ಬರೆಸುವವರಿದ್ದರೆ, ಪ್ರಿಂಟಿಗೆ ಕೊಡುವ ಮುಂಚೆ ಅದನ್ನು ರಸ್ತೆಯ ಆಚೆ ಹಿಡಿದು ಮನೆಯ ಹಿರಿಯರೊಬ್ಬರಿಂದ ಒಮ್ಮೆ ಓದಿಸಿ.