ನಾಲ್ಕು ಅಂಗುಲ

ವೈಕುಂಠ ಏಕಾದಶಿಯ ರಾತ್ರಿ ಜಾಗರಣೆ ಮಾಡಬೇಕೆಂಬುದು ಹಿರಿಯರ ಕಟ್ಟಳೆ. ಹಗಲೆಲ್ಲ ಉಪವಾಸವಿದ್ದವನಿಗೆ ರಾತ್ರಿಯೂ ಕಣ್ಣು ತೆರೆದುಕೊಂಡಿರುವುದು ಸುಲಭದ ಮಾತಲ್ಲ. ಭಜನೆ ಮುಗಿದು, ಹರಿಕಥೆ ಮುಗಿದು, ಇನ್ನೂ ಬೆಳಗಾಗದೆ ಉಳಿದ ಹೊತ್ತನ್ನು ಕಳೆಯಲು ಹಿಂದಿನವರು ಪರಮಪದ ಸೋಪಾನ ಪಟವನ್ನು ಹಾಸುತ್ತಿದ್ದರು. ಈಗಲೂ ಆ ದಿನ ರಾಜಾಜಿನಗರದ ಹರೇಕೃಷ್ಣ ಗಿರಿಯ ದೇವಾಲಯದ ಮುಂದೆ ವೈಕುಂಠದ್ವಾರವನ್ನು ಹಾಯಲು ಜನ ಸಾಲುಗಟ್ಟಿ ನಿಲ್ಲುತ್ತಾರೆ. ಪಟ ಹಾಸುವವರು ಮಾತ್ರ ವಿರಳ.

ಇಂದಿನ ಮಕ್ಕಳು ಇದನ್ನು ಹಾವು ಏಣಿ ಆಟವೆಂದು ಬಲ್ಲರು. ಅಂಗಡಿಯಲ್ಲಿ ದೊರೆಯುವ ಪಟದಲ್ಲಿ ಹಾವೆಂದರೆ ಬರಿಯ ಹಾವು, ಏಣಿಯೆಂದರೆ ಬರಿಯ ಏಣಿ. ಹಳೆಯ ಪಟದಲ್ಲಿ ಹಾಗಲ್ಲ. ಅಲ್ಲಿ ಹಾವಿಗೆ ಒಂದು ದುರ್ಗುಣದ ಹೆಸರೋ ಒಬ್ಬ ಅಸುರನ ಹೆಸರೋ ಇರುತ್ತಿತ್ತು. ಏಣಿಗೆ ಒಂದು ಸದ್ಗುಣದ ಹೆಸರು. ವೈಷ್ಣವರ ಪಟಗಳಲ್ಲಿ 72 ಮನೆಗಳಿರುವುದುಂಟು, ಜೈನರ ಪಟಗಳಲ್ಲಿ 84. ಎಲ್ಲಕ್ಕೂ ಮೇಲೆ ವೈಕುಂಠ ಅಥವಾ ಮೋಕ್ಷ. 19ನೆಯ ಶತಮಾನದ ಕೊನೆಯಲ್ಲಿ ಈ ಆಟ ಇಂಗ್ಲೆಂಡಿಗೆ ಹೋಯಿತು. ಅಲ್ಲಿಯವರು ಏಣಿಗಳಿಗೆ ಮಿತವ್ಯಯ, ಪಶ್ಚಾತ್ತಾಪ, ಉದ್ಯಮ ಎಂಬ ತಮಗೆ ಪ್ರಿಯವಾದ ಗುಣಗಳ ಹೆಸರನ್ನಿಟ್ಟರು. 1943ರಲ್ಲಿ ಅಮೆರಿಕದ ಮಿಲ್ಟನ್ ಬ್ರ್ಯಾಡ್ಲಿ ಕಂಪನಿಯು ಹಾವುಗಳನ್ನು ತೆಗೆದು ಜಾರುಬಂಡೆಗಳನ್ನಿಟ್ಟಿತು. ಹೀಗೆ ನರಕಕ್ಕೆ ಬೀಳುತ್ತಿದ್ದವನು ಕೊನೆಗೆ ಆಟದ ಮೈದಾನದಲ್ಲಿ ಜಾರುವವನಾದನು.

ಈ ಪಟದ ಬಗ್ಗೆ ನನಗೆ ಎಷ್ಟು ಪ್ರೀತಿಯಿದ್ದರೂ ಒಂದು ಆಕ್ಷೇಪ ಮಾತ್ರ ಬಾಲ್ಯದಿಂದಲೂ ಉಳಿದಿದೆ. ಕವಡೆ ನಾಲ್ಕು ಬಿದ್ದರೆ ಅಹಂಕಾರ, ಐದು ಬಿದ್ದರೆ ಭೂತದಯೆ! ಕಾಯಿ ನಡೆಸುವವನು ಅಹಂಕಾರ ಪಟ್ಟನೇ? ಇಲ್ಲ. ದಯೆ ತೋರಿದನೇ? ಅದೂ ಇಲ್ಲ. ಅವನು ಮಾಡಿದ್ದು ಕವಡೆ ಎಸೆದದ್ದು ಮಾತ್ರ. ಬದುಕಿನಲ್ಲಿಯೂ ಹೀಗೆಯೇ ಅಲ್ಲವೇ, ಹಿಂದಿನ ಕರ್ಮ ಎಸೆದಂತೆ ನಾವು ನಡೆಯುತ್ತೇವೆ ಎಂದು ಹಿರಿಯರು ಸಮಾಧಾನ ಹೇಳಬಹುದು. ಆದರೆ ಪಾಪಪುಣ್ಯಗಳನ್ನು ಕಲಿಸಲು ಹೊರಟ ಆಟದಲ್ಲಿ ಪಾಪ ಮಾಡಲು ಅವಕಾಶವೇ ಇಲ್ಲದಿದ್ದರೆ ಹೇಗೆ?

ಮನುಷ್ಯನ ಶೀಲವನ್ನು ಲೆಕ್ಕವಿಡುವ ಆಸೆ ನಮ್ಮಲ್ಲಿ ಬಹಳ ಹಳೆಯದು. ಚಿತ್ರಗುಪ್ತನ ಕಡತವನ್ನು ಕಲ್ಪಿಸಿದವರು ನಾವು. ಅಷ್ಟು ದೂರ ಹೋಗುವುದೇಕೆ? ಶಾಲೆ ಬಿಡುವ ಪ್ರತಿಯೊಬ್ಬ ವಿದ್ಯಾರ್ಥಿಯ ವರ್ಗಾವಣೆ ಪತ್ರದಲ್ಲಿ ‘ನಡತೆ’ ಎಂಬ ಅಂಕಣವೊಂದಿದೆ. ಉಪಾಧ್ಯಾಯ ವೃತ್ತಿಯಲ್ಲಿದ್ದಷ್ಟು ಕಾಲವೂ ನಾನು ಆ ಅಂಕಣಗಳನ್ನು ನೋಡಿದ್ದೇನೆ. ಗಣಿತದಲ್ಲಿ ಒಂದು ಅಂಕ ಹೆಚ್ಚು ಕೊಡಲು ಹತ್ತು ಸಲ ಯೋಚಿಸುವ ಮೇಷ್ಟರು ಕೂಡ ಅಲ್ಲಿ ‘ತೃಪ್ತಿಕರ’ ಎಂದು ಒಂದೇ ಉಸಿರಿನಲ್ಲಿ ಬರೆದು ಮುಂದೆ ಹೋಗುತ್ತಾರೆ. ಬಾವಿಗೆ ಬಿದ್ದ ನಾಯಿಮರಿಯನ್ನು ಎತ್ತಲು ಇಳಿದ ಹುಡುಗನೂ ತೃಪ್ತಿಕರ, ಅದನ್ನು ಬಾವಿಗೆ ಹಾಕಿದವನೂ ತೃಪ್ತಿಕರ. ಅದು ಮೇಷ್ಟರ ಔದಾರ್ಯವೆಂದೇ ನಾನು ತಿಳಿದಿದ್ದೇನೆ.

ಪಟದಲ್ಲಿ ಇಲ್ಲದ ಆ ಅವಕಾಶವನ್ನು ಕೊಡುವ ಆಟವೊಂದು 1974ರಲ್ಲಿ ಅಮೆರಿಕದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂದಿತು. ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್; ಕರ್ತೃಗಳು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಇದಕ್ಕೆ ಪಟವೇ ಬೇಕೆಂದಿಲ್ಲ. ಮೇಜಿನ ಸುತ್ತ ನಾಲ್ಕಾರು ಜನ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬನು ಸೂತ್ರಧಾರ. ‘ನೀವು ಕೋಟೆಯ ಬಾಗಿಲಿಗೆ ಬಂದಿದ್ದೀರಿ, ಕಾವಲುಗಾರರು ತಡೆದಿದ್ದಾರೆ, ಏನು ಮಾಡುತ್ತೀರಿ?’ ಎಂದು ಅವನು ಕೇಳುತ್ತಾನೆ. ಹೊಡೆದಾಡುವುದೋ, ಬೇಡಿಕೊಳ್ಳುವುದೋ, ಲಂಚ ಕೊಡುವುದೋ ಆಡುವವರ ಇಚ್ಛೆ. ಆ ಪ್ರಯತ್ನ ಫಲಿಸಿತೇ ಎಂಬುದನ್ನು ಮಾತ್ರ ದಾಳ ಹೇಳುತ್ತದೆ. ನಮ್ಮ ಬಯಲಾಟದ ಭಾಗವತನನ್ನೂ ಪಗಡೆಯನ್ನೂ ಒಂದೇ ಜಗಲಿಯ ಮೇಲೆ ಕೂರಿಸಿದಂತೆ ಎನ್ನಬಹುದು.

ಈ ಆಟದಲ್ಲಿ ಪ್ರತಿ ಪಾತ್ರಕ್ಕೂ ಒಂದು ಶೀಲವನ್ನು ಗೊತ್ತುಮಾಡಬೇಕು. ಮೊದಲು ಮೂರೇ ಬಗೆಗಳಿದ್ದವು: ಕಟ್ಟಳೆಗೆ ನಿಲ್ಲುವವನು, ಕಟ್ಟಳೆಯನ್ನು ಮೀರುವವನು, ನಡುವಿನವನು. ಕಟ್ಟಳೆಗೆ ನಿಂತವನೆಲ್ಲ ಒಳ್ಳೆಯವನಲ್ಲ ಎಂಬುದು ಬೇಗನೆ ತಿಳಿದಿರಬೇಕು. ಒಳಿತು ಕೆಡುಕುಗಳ ಇನ್ನೊಂದು ಗೆರೆಯನ್ನು ಅಡ್ಡಲಾಗಿ ಎಳೆದರು. 1978ರ ಪುಸ್ತಕದಲ್ಲಿ ಮೂರು ಮೂರಲ ಒಂಬತ್ತು ಮನೆಗಳಾದವು. ಪಾತ್ರವು ಈ ನಕ್ಷೆಯಲ್ಲಿ ಎತ್ತ ಸರಿಯುತ್ತಿದೆ ಎಂಬುದನ್ನು ಸೂತ್ರಧಾರ ಗುರುತಿಟ್ಟುಕೊಳ್ಳಬೇಕು. ಒಂದು ಮನೆಯಿಂದ ಇನ್ನೊಂದಕ್ಕೆ ಹೋದ ಪಾತ್ರವು ತಾನು ಸಂಪಾದಿಸಿದ್ದರಲ್ಲಿ ಒಂದು ಮೆಟ್ಟಿಲನ್ನು ಕಳೆದುಕೊಳ್ಳಬೇಕು ಎಂದು 1979ರ ಪುಸ್ತಕ ವಿಧಿಸಿತು. ವಿಚಿತ್ರವೆಂದರೆ ಸರಿದದ್ದು ಯಾವ ದಿಕ್ಕಿಗಾದರೂ ದಂಡ ದಂಡವೇ. ಗೋವಿನ ಹಾಡಿನ ಪುಣ್ಯಕೋಟಿ ಯಾವ ಮನೆಯವಳೆಂದು ಹೇಳಲು ಯಾರಿಗೂ ಕಷ್ಟವಿಲ್ಲ. ಆದರೆ ಅವಳ ಸತ್ಯಕ್ಕೆ ಕರಗಿ ಪ್ರಾಣ ಬಿಟ್ಟ ಹುಲಿ? ಆ ಪುಸ್ತಕದ ಪ್ರಕಾರ ಅದು ಮನೆ ಬದಲಾಯಿಸಿದ ಅಪರಾಧಿ! ಈ ನಿಯಮ ಬಹುಕಾಲ ಬಾಳಲಿಲ್ಲವೆಂದರೆ ಆಶ್ಚರ್ಯವಿಲ್ಲ. 2014ರ ಆವೃತ್ತಿಯಲ್ಲಿ ಒಂಬತ್ತು ಮನೆಗಳು ಉಳಿದಿವೆ, ದಂಡ ಹೋಗಿದೆ.

ಇಷ್ಟೆಲ್ಲ ನನಗೆ ತಿಳಿದದ್ದು ನನ್ನ ಮೊಮ್ಮಗನಿಂದ. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರದ ಮಧ್ಯಾಹ್ನಗಳಲ್ಲಿ ಐದು ಜನ ಸೇರುತ್ತಾರೆ. ಒಬ್ಬಳು ರಾಜಾಜಿನಗರದವಳು, ಒಬ್ಬನು ಕೆಂಗೇರಿಯಿಂದ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದು ಬರುತ್ತಾನೆ, ಉಳಿದವರು ಇದೇ ಬೀದಿಯವರು. ಸೂತ್ರಧಾರ ನನ್ನ ಮೊಮ್ಮಗ. ಮಾಗಡಿ ರಸ್ತೆಯ ಮಕ್ಕಳಲ್ಲವೇ, ಅವರ ಕಥೆ ನಡೆಯುವುದು ಸಾವನದುರ್ಗದಂತಹ ಒಂದು ಬಂಡೆಯ ಕೆಳಗಿನ ಪಾಳೆಯಪಟ್ಟಿನಲ್ಲಿ. ಹೊಸ ಪುಸ್ತಕ ಶೀಲವನ್ನು ಲೆಕ್ಕವಿಡುವುದಿಲ್ಲವೆಂದು ಮೊಮ್ಮಗನಿಗೆ ಅಸಮಾಧಾನ. ಆದ್ದರಿಂದ ಅವನೇ ಒಂದು ಏರ್ಪಾಡು ಮಾಡಿದ್ದ. ಪ್ರತಿ ಪಾತ್ರದ ಹಾಳೆಯ ಅಂಚಿನಲ್ಲಿ ಸೊನ್ನೆಯಿಂದ ಹತ್ತರವರೆಗೆ ಒಂದು ಗೆರೆ. ಒಳ್ಳೆಯದು ಮಾಡಿದರೆ ಒಂದು ಮೇಲೆ, ಕೆಟ್ಟದ್ದು ಮಾಡಿದರೆ ಒಂದು ಕೆಳಗೆ.

ಕೆಂಗೇರಿಯ ಹುಡುಗನದು ಕಳ್ಳನ ಪಾತ್ರ. ಭಿಕ್ಷುಕನಿಗೆ ಒಂದು ಕಾಸು ಹಾಕಿದರೆ ಗೆರೆ ಒಂದು ಮೇಲೇರುವುದನ್ನು ಅವನು ಎರಡನೆಯ ವಾರವೇ ಕಂಡುಕೊಂಡ. ಅಲ್ಲಿಂದ ಮುಂದೆ ಯಾವ ಊರಿಗೆ ಹೋದರೂ ಅವನ ಮೊದಲ ಪ್ರಶ್ನೆ, ‘ಇಲ್ಲಿ ಭಿಕ್ಷುಕರಿದ್ದಾರೆಯೇ?’ ಎಂಬುದೇ. ರಾತ್ರಿ ಸಾಹುಕಾರನ ಪೆಟ್ಟಿಗೆ ಒಡೆಯುವುದು, ಬೆಳಗ್ಗೆ ಅದರಲ್ಲಿ ಮೂರು ಕಾಸು ದಾನ ಮಾಡುವುದು. ಒಂದು ತಿಂಗಳಲ್ಲಿ ಅವನು ಆ ಸೀಮೆಗೆಲ್ಲ ಪುಣ್ಯವಂತನಾಗಿದ್ದ. ಇಂತಹ ಜಮಾಖರ್ಚು ಮಕ್ಕಳ ಆಟದಲ್ಲಿ ಮಾತ್ರ ನಡೆಯುತ್ತದೆಯೆಂದು ಓದುಗರು ಭಾವಿಸಬೇಕಾಗಿಲ್ಲ.

ರಾಜಾಜಿನಗರದ ಹುಡುಗಿಯದು ಪ್ಯಾಲಡಿನ್ ಎಂಬ ವ್ರತಧಾರಿ ವೀರನ ಪಾತ್ರ. ಈ ವೀರರು ಪ್ರತಿಜ್ಞೆ ಮಾಡಿರುತ್ತಾರೆ. ಪ್ರತಿಜ್ಞೆಯ ಬಲದಿಂದ ಮುಟ್ಟಿದ ಮಾತ್ರಕ್ಕೆ ಗಾಯ ಮಾಯಿಸುವ ಶಕ್ತಿ ಅವರಿಗುಂಟು. ಅವಳು ಆರಿಸಿಕೊಂಡ ಪ್ರತಿಜ್ಞೆಯಲ್ಲಿ ಸುಳ್ಳಾಡಬಾರದು ಎಂಬುದೂ ಇದೆ, ದುರ್ಬಲರನ್ನು ಕಾಯಬೇಕು ಎಂಬುದೂ ಇದೆ. ಪುಸ್ತಕ ಬರೆದವರು ಎರಡನ್ನೂ ಒಂದೇ ಪುಟದಲ್ಲಿಟ್ಟು ಸುಮ್ಮನಾಗಿದ್ದಾರೆ. ಒಂದು ಭಾನುವಾರ ಪಾಳೆಯಗಾರನ ಭಟರು ಒಂದು ಚೀಲ ರಾಗಿ ಕದ್ದ ಹುಡುಗನೊಬ್ಬನನ್ನು ಅಟ್ಟಿಸಿಕೊಂಡು ಬಂದರು. ಸಿಕ್ಕರೆ ಕೈ ಕಡಿಯುವುದು ಅಲ್ಲಿಯ ಶಿಕ್ಷೆ. ಹುಡುಗ ಅವಳ ಬಂಡಿಯಲ್ಲಿ ಹುಲ್ಲಿನ ಕೆಳಗೆ ಅಡಗಿದ್ದ. ಭಟರು ಕೇಳಿದರು. ಕಳ್ಳನ ಪಾತ್ರದವನು ಬಾಯಿ ತೆರೆಯುವ ಮೊದಲೇ ಅವಳು, ‘ನಾನು ಯಾರನ್ನೂ ನೋಡಲಿಲ್ಲ’ ಎಂದಳು. ವ್ರತಧಾರಿಯ ಮಾತೆಂದು ಭಟರು ನಂಬಿ ಹೋದರು. ಕಳ್ಳ ಹೇಳಿದ್ದರೆ ಬಂಡಿಯನ್ನು ಶೋಧಿಸದೆ ಬಿಡುತ್ತಿರಲಿಲ್ಲ.

ಮೊಮ್ಮಗ ಪೆನ್ಸಿಲ್ ಹಿಡಿದು ಕುಳಿತ. ಮೇಲೋ ಕೆಳಗೋ? ಗದ್ದಲ ಎಷ್ಟಾಯಿತೆಂದರೆ ಕಾಫಿ ಕೊಡಲು ಮಹಡಿ ಹತ್ತಿದ ನನ್ನನ್ನೇ ಹಿಡಿದು ಕೂರಿಸಿದರು. ‘ತಾತ, ನೀವೇ ಹೇಳಿ.’

ತೀರ್ಪು ಸೂತ್ರಧಾರನ ಕೆಲಸ, ನನ್ನದಲ್ಲವೆಂದೆ. ಆದರೆ ಮೇಷ್ಟರಾಗಿದ್ದವನು ಕಥೆ ಹೇಳದೆ ಏಳುವುದುಂಟೇ? ಮಹಾಭಾರತದ ಎರಡು ಕಥೆ ಹೇಳಿದೆ. ಒಂದು ಕರ್ಣಪರ್ವದ ಕೌಶಿಕನದು. ಅವನು ಸತ್ಯವನ್ನೇ ನುಡಿಯುವ ವ್ರತ ಹಿಡಿದವನು. ದರೋಡೆಕೋರರಿಗೆ ಹೆದರಿ ಕಾಡಿನಲ್ಲಿ ಅಡಗಿದವರು ಎಲ್ಲಿದ್ದಾರೆಂದು ಕಳ್ಳರೇ ಬಂದು ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿದ. ಅಡಗಿದವರು ಸತ್ತರು, ಸತ್ಯ ನುಡಿದ ಕೌಶಿಕ ನರಕಕ್ಕೆ ಹೋದ. ಇನ್ನೊಂದು ದ್ರೋಣಪರ್ವದ್ದು. ಧರ್ಮರಾಯನ ರಥ ಅವನ ಸತ್ಯದ ಬಲದಿಂದ ನೆಲವನ್ನು ಮುಟ್ಟದೆ ನಾಲ್ಕು ಅಂಗುಲ ಮೇಲೆ ಚಲಿಸುತ್ತಿತ್ತು. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಆನೆಯೆಂಬುದನ್ನು ಮೆಲ್ಲಗೆ ಹೇಳಿದ ದಿನ ಅದು ನೆಲಕ್ಕೆ ಇಳಿಯಿತು.

ಕೆಂಗೇರಿಯವನು ತಕ್ಷಣ ಹಿಡಿದುಕೊಂಡ: ‘ಅಲ್ಲ ತಾತ, ಧರ್ಮರಾಯ ಹೇಳಿದ್ದು ಗುರುವನ್ನು ಕೊಲ್ಲಿಸೋಕೆ. ಇವಳು ಹೇಳಿದ್ದು ಹುಡುಗನನ್ನು ಉಳಿಸೋಕೆ. ಎರಡಕ್ಕೂ ಅದೇ ನಾಲ್ಕು ಅಂಗುಲವೇ?’ ಕಾಸಿನ ಪುಣ್ಯವಂತನಿಂದ ಇಂತಹ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಹುಡುಗಿ ಮಾತ್ರ ಬೇರೆ ಏನನ್ನೋ ಯೋಚಿಸುತ್ತಿದ್ದಳು. ‘ರಥ ಇಳಿದ ಮೇಲೆ ಧರ್ಮರಾಯ ಯುದ್ಧ ಬಿಟ್ಟು ಹೋದನೇ, ತಾತ?’ ಎಂದು ಕೇಳಿದಳು. ಇಲ್ಲಮ್ಮ, ನೆಲದ ಮೇಲೆಯೇ ನಡೆಸಿದ ಎಂದೆ. ‘ಹಾಗಾದರೆ ನಂದೂ ಇಳಿಸೋ’ ಎಂದು ಮೊಮ್ಮಗನ ಕಡೆ ತಿರುಗಿದಳು. ‘ಸುಳ್ಳು ಹೇಳಿದ್ದು ನಿಜ ತಾನೇ? ಆದರೆ ಇವನ ಕಾಸಿಗೆಲ್ಲ ಯಾಕೆ ಏರಿಸಿದೆ, ಅದನ್ನು ಹೇಳು.’

ಆ ಹುಡುಗಿಯ ಮಾತನ್ನು ನಾನು ಅನೇಕ ದಿನ ಯೋಚಿಸಿದೆ. ಲೆಕ್ಕ ಏರಲೆಂದು ಮಾಡಿದ ದಾನ ಒಂದು ಕಡೆ. ಇಳಿಯುತ್ತದೆಂದು ತಿಳಿದೂ ಆಡಿದ ಸುಳ್ಳು ಇನ್ನೊಂದು ಕಡೆ. ಹತ್ತು ಗುರುತುಗಳ ಗೆರೆಗೆ ಇವೆರಡರ ಅಂತರ ತಿಳಿಯದು. ಹಾಗೆಂದು ಗೆರೆಯೇ ಬೇಡವೆನ್ನಲೇ? ಅವಳಿಗೆ ಕಳೆದುಕೊಳ್ಳಲು ಏನೂ ಇಲ್ಲದಿದ್ದರೆ ಆ ಮಾತಿಗೆ ತೂಕವಾದರೂ ಎಲ್ಲಿಂದ ಬರುತ್ತಿತ್ತು! ಭಟರು ನಂಬಿದ್ದು ಅವಳು ವರ್ಷವೆಲ್ಲ ಕಾಪಾಡಿಕೊಂಡ ಸತ್ಯವನ್ನು. ಅದನ್ನು ಅವಳು ಒಬ್ಬ ಅಪರಿಚಿತ ಹುಡುಗನ ಕೈಗಾಗಿ ಖರ್ಚು ಮಾಡಿದಳು. ಧರ್ಮರಾಯನ ರಥವೂ ಹೀಗೆಯೇ: ಅದು ಇಳಿದುದರಿಂದಲೇ ಅಷ್ಟು ದಿನ ಮೇಲಿತ್ತೆಂಬುದು ನಮಗೆ ನೆನಪಿದೆ. ಸ್ವರ್ಗಾರೋಹಣದಲ್ಲಿ ಅವನಿಗೆ ಕ್ಷಣಕಾಲ ನರಕದರ್ಶನವಾದುದೂ ಆ ಮಾತಿಗಾಗಿಯೇ. ವ್ಯಾಸರು ಅವನಿಗೆ ರಿಯಾಯಿತಿ ತೋರಿಸಲಿಲ್ಲ. ಸ್ವರ್ಗವನ್ನು ತಪ್ಪಿಸಲೂ ಇಲ್ಲ.

ಒಂದೇ ಗೆರೆ ಸಾಲದೆಂದು ಆಟ ಕಟ್ಟುವವರಿಗೂ ತೋರಿದೆ. 1985ರಲ್ಲಿ ಗ್ರೆಗ್ ಸ್ಟಾಫರ್ಡ್ ಎಂಬವರು ಆರ್ಥರ್ ದೊರೆಯ ಕಥೆಗಳ ಮೇಲೆ ಪೆಂಡ್ರಾಗನ್ ಎಂಬ ಆಟವನ್ನು ಹೊರತಂದರು. ಅದರಲ್ಲಿ ಗುಣಗಳು 13 ಜೋಡಿ. ಕರುಣೆಗೆ ಎದುರು ಕ್ರೌರ್ಯ, ಔದಾರ್ಯಕ್ಕೆ ಎದುರು ಸ್ವಾರ್ಥ, ಹೀಗೆ. ಒಂದೊಂದು ಜೋಡಿಯ ಮೊತ್ತವೂ 20. ಒಂದು ಏರಿದರೆ ಎದುರಿನದು ಇಳಿಯುತ್ತದೆ. ಆದರೆ ಸತ್ಯದ ಜೋಡಿ ಬೇರೆ, ಕರುಣೆಯ ಜೋಡಿ ಬೇರೆ. ನಮ್ಮ ಹುಡುಗಿ ಆಡಿದಂತಹ ಮಾತಿಗೆ ಒಂದು ಕಡೆ ಇಳಿಸಿ ಇನ್ನೊಂದು ಕಡೆ ಏರಿಸಬಹುದು. ಒಂದನ್ನು ತೋರಿಸಿ ಇನ್ನೊಂದನ್ನು ವಜಾ ಮಾಡುವಂತಿಲ್ಲ. ಇದು ನನಗೆ ಒಂಬತ್ತು ಮನೆಗಳಿಗಿಂತ ಹೆಚ್ಚು ನ್ಯಾಯವಾಗಿ ತೋರುತ್ತದೆ. ಗುಣ ತುಂಬ ಏರಿದ ಪಾತ್ರ ಕೆಲವೊಮ್ಮೆ ಆಡುವವನ ಮಾತನ್ನೇ ಕೇಳದೆ ಆ ಗುಣದಂತೆ ನಡೆದುಬಿಡುತ್ತದೆಯಂತೆ. ಅಭ್ಯಾಸಬಲವೆಂಬುದನ್ನು ಬಲ್ಲವರು ಮಾಡಿದ ನಿಯಮವಿರಬೇಕು.

ಮೊಮ್ಮಗನಿಗೆ ಇದನ್ನು ಹೇಳಿದೆ. 26 ಅಂಕಿಗಳನ್ನು ಯಾರು ಬರೆಯುತ್ತಾರೆ ತಾತ ಎಂದುಬಿಟ್ಟ. ಅವನು ಕೊಟ್ಟ ತೀರ್ಪು ಇಷ್ಟು: ಮುಂದಿನ ಹುಣ್ಣಿಮೆಯವರೆಗೆ ಅವಳ ವೀರನಿಗೆ ಗಾಯ ಮಾಯಿಸುವ ಶಕ್ತಿ ಇಲ್ಲ. ಅಂದಿನಿಂದ ಎಲ್ಲರ ಹಾಳೆಯ ಅಂಚಿನ ಗೆರೆಯನ್ನೂ ಅಳಿಸಿ, ಬರೆಯುವುದಿದ್ದರೆ ತನ್ನ ಪುಸ್ತಕದಲ್ಲಿಯೇ ಬರೆದುಕೊಳ್ಳುತ್ತೇನೆ, ಯಾರಿಗೂ ತೋರಿಸುವುದಿಲ್ಲ ಎಂದ. ಕಳ್ಳನಿಗೆ ಇದು ಬಹಳ ತೊಂದರೆಯಾಯಿತು. ಕಾಸು ಹಾಕಿದರೆ ಏರುವುದೋ ಇಲ್ಲವೋ ತಿಳಿಯದೆ ಅವನು ಕೆಲವು ವಾರ ಅನುಮಾನದಿಂದಲೇ ಹಾಕಿದ, ಕೆಲವು ವಾರ ಹಾಕದೆ ನೋಡಿದ. ಮೊಮ್ಮಗನ ಮುಖದಲ್ಲಿ ಏನೂ ಕಾಣಲಿಲ್ಲ.

ಆ ಪುಸ್ತಕವನ್ನು ಮೊಮ್ಮಗ ನನಗೊಬ್ಬನಿಗೆ ತೋರಿಸಿದ. ಕೋಟೆಯ ನಕ್ಷೆ, ಊರುಗಳ ಹೆಸರು, ಯಾರ ಬಳಿ ಎಷ್ಟು ಹಣವಿದೆ ಎಂಬ ಪಟ್ಟಿ, ಎಲ್ಲವೂ ಅಚ್ಚುಕಟ್ಟಾಗಿದ್ದವು. ಶೀಲಕ್ಕೆಂದು ಬಿಟ್ಟ ಪುಟದಲ್ಲಿ ಕಳ್ಳನ ಹೆಸರಿನ ಮುಂದೆ ಏನೂ ಇರಲಿಲ್ಲ. ಹುಡುಗಿಯ ಹೆಸರಿನ ಮುಂದೆ ಎರಡು ಸಾಲು: ‘ಸುಳ್ಳು ಹೇಳಿದಳು. ಹುಡುಗನ ಕೈ ಉಳಿಯಿತು.’ ಅದರ ಕೆಳಗೆ, ಪಂಚಾಂಗ ನೋಡಿ, ಹುಣ್ಣಿಮೆಯ ತಾರೀಖನ್ನು ಬರೆದುಕೊಂಡಿದ್ದ.