ಸೋತವನಿಗೆ ಮೊದಲ ಮಣೆ

ಗೆದ್ದವನಿಗೆ ಮೊದಲ ಮಣೆ ಹಾಕುವುದು ಲೋಕರೂಢಿ. ನಮ್ಮ ನಾಡಿನಲ್ಲಿ ಪ್ರವೇಶಪರೀಕ್ಷೆ ಮುಗಿದ ಮೇಲೆ ಮೇಲಿನ ಅಂಕ ಬಂದ ಹುಡುಗನು ತನಗೆ ಬೇಕಾದ ಕಾಲೇಜನ್ನು ಮೊದಲು ಆರಿಸಿಕೊಳ್ಳುತ್ತಾನೆ. ಅವನು ಬಿಟ್ಟುದನ್ನು ಮುಂದಿನವನು, ಅವನೂ ಬಿಟ್ಟುದನ್ನು ಅವನ ಮುಂದಿನವನು. ಇದರಲ್ಲಿ ಅನ್ಯಾಯವಿದೆಯೆಂದು ಯಾರೂ ಹೇಳಲಾರರು. ಆದರೆ ಇದನ್ನು ಪೂರ್ತಿಯಾಗಿ ತಲೆಕೆಳಗು ಮಾಡಿದ ಏರ್ಪಾಡೊಂದು ಅಮೆರಿಕಾದೇಶದಲ್ಲಿ ಉಂಟು. ಅಲ್ಲಿಯ ವೃತ್ತಿಪರ ಫುಟ್‌ಬಾಲಿನಲ್ಲಿ ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚಾಗಿ ಸೋತ ತಂಡವೇ, ಕಾಲೇಜುಗಳಿಂದ ಹೊರಬೀಳುವ ತರುಣರಲ್ಲಿ ತನಗೆ ಬೇಕಾದವನನ್ನು ಮೊದಲು ಆರಿಸಿಕೊಳ್ಳತಕ್ಕದ್ದು. ಗೆದ್ದು ಮೆರೆದ ತಂಡವು ಸುತ್ತಿನ ಕಟ್ಟಕಡೆಗೆ ಕೈಯಿಡತಕ್ಕದ್ದು. ಇನ್ನೊಂದು ಸೋಜಿಗವೇನೆಂದರೆ, ನಮ್ಮಲ್ಲಿ ಹುಡುಗನು ಕಾಲೇಜನ್ನು ಆರಿಸುತ್ತಾನೆ. ಅಲ್ಲಿ ತಂಡವು ಹುಡುಗನನ್ನು ಆರಿಸುತ್ತದೆ, ಹುಡುಗನಿಗೆ ಬಾಯಿಲ್ಲ. ಈ ಆಯ್ಕೆಗೆ ಡ್ರಾಫ್ಟ್ ಎಂದು ಹೆಸರು.

ಮೊಮ್ಮಕ್ಕಳಿಗೆ ತಲೆ ಬಾಚುವ ವಯಸ್ಸಿನ ಹೆಂಗಸಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. 2025ನೆಯ ಇಸವಿಯ ಚೈತ್ರಮಾಸದಲ್ಲಿ ನಾನು ಒಹೈಯೊ ಪ್ರಾಂತದ ಕ್ಲೀವ್‌ಲ್ಯಾಂಡಿನಲ್ಲಿ, ಮಗಳ ಮನೆಯಲ್ಲಿದ್ದೆನು. ಆ ಊರಿನಲ್ಲಿ ಆ ಕಾಲಕ್ಕೆ ಬೇರೆ ಮಾತೇ ಇಲ್ಲ. ಅವರ ಫುಟ್‌ಬಾಲು ನಾವು ಬಲ್ಲ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಒಬ್ಬರನ್ನೊಬ್ಬರು ಕೆಡಹುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನು ಸೂತ್ರಧಾರಿ. ಎದುರಾಳಿಗಳು ಮೇಲೆ ಬೀಳುವುದಕ್ಕೆ ಮೊದಲು, ಎರಡು ಮೂರು ಸೆಕೆಂಡುಗಳೊಳಗೆ, ಚೆಂಡನ್ನು ಯಾರಿಗೆ ಎಸೆಯಬೇಕೆಂದು ಅವನು ನಿಶ್ಚಯಿಸಬೇಕು. ಕ್ಲೀವ್‌ಲ್ಯಾಂಡಿನ ತಂಡಕ್ಕೆ ಬ್ರೌನ್ಸ್ ಎಂದು ಹೆಸರು. 2016ರಲ್ಲಿ ಆಡಿದ ಹದಿನಾರು ಪಂದ್ಯಗಳಲ್ಲಿ ಒಂದನ್ನು ಗೆದ್ದರು. 2017ರಲ್ಲಿ ಒಂದನ್ನೂ ಗೆಲ್ಲಲಿಲ್ಲ. 2024ರಲ್ಲಿ ಹದಿನೇಳಕ್ಕೆ ಮೂರು. ಇಂಥ ಊರಿನಲ್ಲಿ ಪಂದ್ಯದ ಕಾಲಕ್ಕಿಂತ ಡ್ರಾಫ್ಟಿನ ಕಾಲವೇ ಹಬ್ಬವಾಗುವುದು ಸಹಜ. ಏಪ್ರಿಲಿನಲ್ಲಿ ಯಾರೂ ಸೋತಿರುವುದಿಲ್ಲವಷ್ಟೆ!

ಈ ವಿಧಿಯನ್ನು ಹುಟ್ಟಿಸಿದವನು ಫಿಲಡೆಲ್ಫಿಯಾದ ತಂಡದ ಒಡೆಯನಾಗಿದ್ದ ಬರ್ಟ್ ಬೆಲ್. ಹಣವಂತ ತಂಡಗಳು ಒಳ್ಳೆಯ ಆಟಗಾರರನ್ನೆಲ್ಲ ಕೊಂಡುಬಿಡುತ್ತಿದ್ದುವು. ಬಡ ತಂಡಗಳು ಸೋಲುತ್ತಲೇ ಇದ್ದುವು. ಸೋಲುವ ತಂಡವನ್ನು ನೋಡಲು ಜನ ಬರುತ್ತಿರಲಿಲ್ಲ. ಆದುದರಿಂದ ಸೋತವನು ಮೊದಲು ಆರಿಸಲಿ ಎಂದು 1935ರಲ್ಲಿ ಬೆಲ್ ಸೂಚಿಸಿದನು. 1936ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮೊದಲನೆಯ ಡ್ರಾಫ್ಟು ನಡೆಯಿತು. ತಂಡಗಳು ಒಂಬತ್ತು, ಸುತ್ತುಗಳು ಒಂಬತ್ತು. ಮೊತ್ತಮೊದಲು ಆರಿಸಲ್ಪಟ್ಟವನು ಶಿಕಾಗೋ ವಿಶ್ವವಿದ್ಯಾನಿಲಯದ ಜೇ ಬರ್ವಾಂಗರ್. ಆತನು ವೃತ್ತಿಪರ ಪಂದ್ಯವನ್ನು ಒಂದಾದರೂ ಆಡಲಿಲ್ಲ. ಬೇರೆ ಉದ್ಯೋಗ ಹಿಡಿದು ಸುಖವಾಗಿದ್ದನು. ಆರಿಸಿದವರಿಗೆ ತಮ್ಮ ಇಷ್ಟವಿದ್ದಂತೆ ಆರಿಸಲ್ಪಟ್ಟವನಿಗೂ ಒಂದು ಇಷ್ಟವಿರುವುದುಂಟೆಂದು ಆ ಮೊದಲ ಹೆಸರೇ ತೋರಿಸಿಕೊಟ್ಟಿತು.

ಈಗ ತಂಡಗಳು ಮೂವತ್ತೆರಡು, ಸುತ್ತುಗಳು ಏಳು. ಏಪ್ರಿಲಿನ ಆ ಮೂರು ದಿನಗಳಿಗಾಗಿ ತಿಂಗಳುಗಟ್ಟಲೆ ಮೊದಲಿನಿಂದಲೇ ಪತ್ರಿಕೆಗಳಲ್ಲಿಯೂ ಟೆಲಿವಿಷನ್ನಿನಲ್ಲಿಯೂ ಭವಿಷ್ಯ ನುಡಿಯುವವರ ಗಲಾಟೆ. ಯಾವ ತಂಡಕ್ಕೆ ಏನು ಕೊರತೆ, ಯಾವ ಹುಡುಗ ಎಷ್ಟನೆಯವನಾಗಿ ಹೋಗುವನು, ಅವನ ಗುಣವೇನು, ದೋಷವೇನು ಎಂದು ಬರೆದದ್ದನ್ನು ಓದುವಾಗ ನನಗೆ ನಮ್ಮ ಮನೆಯ ಜಾತಕದ ಕಟ್ಟು ಕಣ್ಣಿಗೆ ಕಟ್ಟಿತು. ಫೆಬ್ರವರಿಯ ಕೊನೆಯಲ್ಲಿ ಮುನ್ನೂರಕ್ಕೂ ಮೇಲ್ಪಟ್ಟ ತರುಣರನ್ನು ಇಂಡಿಯಾನಾಪೊಲಿಸ್ ಪಟ್ಟಣಕ್ಕೆ ಕರೆಸಿ ಪರೀಕ್ಷಿಸುತ್ತಾರೆ. 1987ರಿಂದ ಅಲ್ಲಿಯೇ ಇದು ನಡೆದುಬಂದಿದೆ. ನಲವತ್ತು ಗಜ ಓಡಿಸುತ್ತಾರೆ, ನಿಂತಲ್ಲಿಂದ ಜಿಗಿಸುತ್ತಾರೆ, ಮಲಗಿಸಿ 225 ಪೌಂಡಿನ ಭಾರವನ್ನು ಎಷ್ಟು ಸಲ ಎತ್ತುವನೆಂದು ಎಣಿಸುತ್ತಾರೆ. ವೈದ್ಯರು ಕೀಲು ಕೀಲನ್ನೂ ಹಿಡಿದು ನೋಡುತ್ತಾರೆ. ಅದೂ ಸಾಲದೆ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಕೈಯನ್ನು ಅಳೆಯುತ್ತಾರೆ. ನಾವು ಗೇಣು ಎನ್ನುವುದು ಇದನ್ನೇ ಅಲ್ಲವೆ? 2020ರಲ್ಲಿ ಜೋ ಬರೋ ಎಂಬ ಕ್ವಾರ್ಟರ್‌ಬ್ಯಾಕನ ಗೇಣು ಒಂಬತ್ತೇ ಅಂಗುಲವೆಂದು ಪತ್ರಿಕೆಗಳು ತಲೆಗೆ ಕೈಹೊತ್ತುವು. ಒಹೈಯೊ ಪ್ರಾಂತದ್ದೇ ಆದ ಸಿನ್‌ಸಿನಾಟಿ ತಂಡ ಅದನ್ನು ಲೆಕ್ಕಿಸದೆ ಅವನನ್ನೇ ಮೊದಲನೆಯವನಾಗಿ ಆರಿಸಿತು. ಎರಡನೆಯ ವರ್ಷಕ್ಕೆ ಅವನು ತಂಡವನ್ನು ಅಂತಿಮ ಪಂದ್ಯಕ್ಕೆ ಕೊಂಡೊಯ್ದನು.

ನನ್ನ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನಡೆಯ ಹೇಳುತ್ತಿದ್ದರು, ಹಾಡ ಹೇಳುತ್ತಿದ್ದರು, ಜಡೆಯ ಉದ್ದವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದರು. ಹಾಗೆ ಅಳೆಯಿಸಿಕೊಂಡವರಲ್ಲಿ ನಾನೂ ಒಬ್ಬಳು. ಅಳತೆಗೆ ಸಿಕ್ಕುವುದನ್ನೆಲ್ಲ ಅಳೆದರು. ಸಂಸಾರಕ್ಕೆ ಬೇಕಾದುದನ್ನು ಅಳೆಯುವ ಕೋಲು ಅವರ ಬಳಿ ಇರಲಿಲ್ಲ. ಈ ಫುಟ್‌ಬಾಲಿನವರ ಬಳಿಯೂ ಇಲ್ಲ. 2000ದ ಇಸವಿಯಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಟಾಮ್ ಬ್ರೇಡಿ ನಲವತ್ತು ಗಜ ಓಡಲು 5.28 ಸೆಕೆಂಡು ತೆಗೆದುಕೊಂಡನು. ಆ ಕಸುಬಿಗೆ ಅದು ಆಮೆಯ ನಡೆ. ಆರು ಮಂದಿ ಕ್ವಾರ್ಟರ್‌ಬ್ಯಾಕುಗಳನ್ನು ಅವನಿಗಿಂತ ಮೊದಲು ಆರಿಸಿದ ಮೇಲೆ, 199ನೆಯವನಾಗಿ ಅವನ ಹೆಸರು ಬಂತು. ಅವನು ಏಳು ಸಲ ಸೂಪರ್ ಬೌಲ್ ಗೆದ್ದನು. ಅಷ್ಟನ್ನು ಯಾವ ತಂಡವೂ ಗೆದ್ದಿಲ್ಲ.

ಇಲ್ಲಿಂದ ಮುಂದೆ ತಂಡಗಳ ಉಪಾಯದ ಮಾತು. ನನಗೆ ನಿಜವಾಗಿ ರುಚಿ ಹತ್ತಿದ್ದು ಇದರಲ್ಲಿ. ಆಯ್ಕೆಯ ಸರದಿಯನ್ನು ತಂಡಗಳು ತಮ್ಮ ತಮ್ಮಲ್ಲಿ ಮಾರಬಹುದು, ಕೊಳ್ಳಬಹುದು. ‘ಆ ಹುಡುಗ ನನಗೆ ಬೇಕೇ ಬೇಕು’ ಎನ್ನುವ ತಂಡ ತನ್ನ ಎರಡು ಮೂರು ಸರದಿಗಳನ್ನು ಬಿಟ್ಟುಕೊಟ್ಟು ಮೇಲಿನ ಒಂದು ಸರದಿಯನ್ನು ಪಡೆಯುತ್ತದೆ. ಈ ವ್ಯಾಪಾರಕ್ಕೆ ಡಲ್ಲಸ್ ತಂಡದವರು 1991ರ ಸುಮಾರಿಗೆ ಒಂದು ಕೋಷ್ಟಕವನ್ನೇ ಕಟ್ಟಿದರು: ಮೊದಲ ಸರದಿಗೆ 3000 ಅಂಕ, ಮೂವತ್ತೆರಡನೆಯದಕ್ಕೆ 590. ಅಂದರೆ ಮೊದಲನೆಯ ಹುಡುಗನೊಬ್ಬನು ಮೂವತ್ತೆರಡನೆಯ ಐವರಿಗೆ ಸಮ. ಇದು ನಿಜವೆ? ಕೇಡ್ ಮ್ಯಾಸಿ, ರಿಚರ್ಡ್ ಥೇಲರ್ ಎಂಬ ಇಬ್ಬರು ಪಂಡಿತರು ಕೂತು ಲೆಕ್ಕ ಹಾಕಿದರು. ಈ ಥೇಲರನಿಗೇ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಅವರು ಕಂಡುದು ಇಷ್ಟು: ಒಂದು ಸ್ಥಾನಕ್ಕೆ ಮೊದಲು ಆರಿಸಲ್ಪಟ್ಟವನು, ಅದೇ ಸ್ಥಾನಕ್ಕೆ ಅವನ ಬೆನ್ನಿಗೇ ಆರಿಸಲ್ಪಟ್ಟವನಿಗಿಂತ ಉತ್ತಮನೆನಿಸುವ ಸಂಭವ ನೂರಕ್ಕೆ 52. ಕಾಸು ಚಿಮ್ಮಿದರೆ ಐವತ್ತು. ಅಷ್ಟೆಲ್ಲ ಓಡಿಸಿ, ಎತ್ತಿಸಿ, ಗೇಣು ಹಾಕಿ ಅಳೆದ ಜ್ಞಾನವೆಲ್ಲ ಸೇರಿ ಕಾಸಿನ ಮೇಲೆ ಎರಡು!

ಸಾನ್ ಫ್ರಾನ್ಸಿಸ್ಕೋದವರ ಕಥೆಯನ್ನು ಕೇಳಿದರೆ ಇದು ಮನಸ್ಸಿಗೆ ಇಳಿಯುತ್ತದೆ. 2021ರಲ್ಲಿ ಅವರು ಹನ್ನೆರಡನೆಯ ಸರದಿಯಿಂದ ಮೂರನೆಯದಕ್ಕೆ ಏರಬೇಕೆಂದು, ಆ ಹನ್ನೆರಡನೆಯದರ ಜೊತೆಗೆ ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನೂ ಇನ್ನೊಂದು ಮೂರನೆಯ ಸುತ್ತಿನದನ್ನೂ ಮಯಾಮಿಗೆ ಕೊಟ್ಟು, ಟ್ರೇ ಲ್ಯಾನ್ಸ್ ಎಂಬ ತರುಣನನ್ನು ತಂದರು. ಮರುವರ್ಷ, 2022ರಲ್ಲಿ, 262 ಹೆಸರುಗಳ ಪಟ್ಟಿಯಲ್ಲಿ 262ನೆಯದಾದ ಕಟ್ಟಕಡೆಯ ಹೆಸರು ಅವರ ಪಾಲಿಗೆ ಬಂತು, ಬ್ರಾಕ್ ಪರ್ಡಿ. ಕಡೆಯವನನ್ನು ಅಲ್ಲಿ ‘ಮಿಸ್ಟರ್ ಇರ‍್ರೆಲವೆಂಟ್’ ಎಂದು ಹಾಸ್ಯಮಾಡಿ, ಕ್ಯಾಲಿಫೋರ್ನಿಯಾದ ಒಂದೂರಿನಲ್ಲಿ 1976ರಿಂದ ಔತಣವಿಟ್ಟು ಮೆರೆಸುವ ಪದ್ಧತಿಯಿದೆ. ನಮ್ಮ ಮಕ್ಕಳು ಆಡುವಾಗ ಚಿಕ್ಕವನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನುವುದಿಲ್ಲವೆ, ಅದೇ ಮಾತು. ಲ್ಯಾನ್ಸ್ ಕಾಲು ಮುರಿದುಕೊಂಡನು, ಇನ್ನೊಬ್ಬನಿಗೂ ಪೆಟ್ಟಾಯಿತು, 2022ರ ಡಿಸೆಂಬರಿನಲ್ಲಿ ಲೆಕ್ಕಕ್ಕಿಲ್ಲದವನು ಆಟಕ್ಕಿಳಿದನು. 2024ರ ಫೆಬ್ರವರಿಯ ಸೂಪರ್ ಬೌಲಿನಲ್ಲಿ ಸಾನ್ ಫ್ರಾನ್ಸಿಸ್ಕೋವನ್ನು ನಡೆಸಿದವನು ಅವನೇ. ಮೂರು ವರ್ಷಗಳ ಬಂಡವಾಳ ಹಾಕಿ ತಂದವನನ್ನು ಅಷ್ಟರಲ್ಲಿ ನಾಲ್ಕನೆಯ ಸುತ್ತಿನ ಒಂದು ಸರದಿಗಾಗಿ ಡಲ್ಲಸಿಗೆ ಕೊಟ್ಟುಬಿಟ್ಟಿದ್ದರು.

ಇದರಿಂದ ಲ್ಯಾನ್ಸ್ ದಡ್ಡನೆಂದೂ ಪರ್ಡಿ ಜಾಣನೆಂದೂ ತೀರ್ಪು ಕೊಡುವವರನ್ನು ಕಂಡರೆ ನನಗೆ ಬೇಸರ. ತಂಡಕ್ಕೆ ಮರುವರ್ಷ ಮತ್ತೆ ಡ್ರಾಫ್ಟ್ ಇದೆ, ಅದರ ಮರುವರ್ಷ ಮತ್ತೊಂದಿದೆ. ಸೋತರೆ ಮೇಲಿನ ಸರದಿಯೇ ಸಿಕ್ಕೀತು. ಹುಡುಗನಿಗೆ ಇರುವುದು ಒಂದೇ ಡ್ರಾಫ್ಟ್, ಒಂದೇ ಜೊತೆ ಮೊಣಕಾಲು.

ನಮ್ಮ ಮನೆಯಲ್ಲಿ ಆ ವರ್ಷದ ಚರ್ಚೆಯೇ ಬೇರೆ. ಬ್ರೌನ್ಸ್ ತಂಡ 2022ರಲ್ಲಿ ಒಬ್ಬ ಹೆಸರಾಂತ ಕ್ವಾರ್ಟರ್‌ಬ್ಯಾಕನನ್ನು ಹ್ಯೂಸ್ಟನ್ನಿನಿಂದ ತರಲು ಮೂರು ವರ್ಷಗಳ ಮೊದಲ ಸುತ್ತನ್ನು ತೆತ್ತು ಬರಿಗೈಯಾಗಿತ್ತು. ಈಗ ಎರಡನೆಯ ಸರದಿ ಕೈಗೆ ಬಂದಿತ್ತು. ಕೊಲರಾಡೋ ವಿಶ್ವವಿದ್ಯಾನಿಲಯದ ಟ್ರಾವಿಸ್ ಹಂಟರನನ್ನು ಆರಿಸುವರೆಂದು ಭವಿಷ್ಯಕಾರರಲ್ಲಿ ಬಹುಮಂದಿ ನುಡಿದಿದ್ದರು. ಆತನು ಮುನ್ನುಗ್ಗುವಾಗಲೂ ಆಡುತ್ತಾನೆ, ತಡೆಯುವಾಗಲೂ ಆಡುತ್ತಾನೆ. ಈ ಕಾಲದಲ್ಲಿ ಅಂಥವರು ಇಲ್ಲವೆಂಬಷ್ಟು ವಿರಳ. ‘ಅಜ್ಜಿ, ಇಬ್ಬರ ಕೆಲಸ ಒಬ್ಬನೇ ಮಾಡುತ್ತಾನೆ’ ಎಂದು ಹದಿನಾಲ್ಕು ವರ್ಷದ ನನ್ನ ಮೊಮ್ಮಗ ಕುಣಿದನು. ‘ಅಡಿಗೆಯನ್ನೂ ಮಾಡಿ ಬಡಿಸಿಯೂ ಬಿಡುತ್ತಾನೆನ್ನು’ ಎಂದೆನು. ಗೋಡೆಯ ಮೇಲೆ ಅವನು ಅಂಟಿಸಿದ್ದ ಪಟ್ಟಿಯಲ್ಲಿ ಆ ಹೆಸರಿಗೆ ಮೂರು ಗೆರೆ ಬಿದ್ದಿದ್ದುವು.

ಏಪ್ರಿಲ್ 24ರ ರಾತ್ರಿ ಟೆನೆಸೀ ತಂಡ ಕ್ಯಾಮ್ ವಾರ್ಡನನ್ನು ಮೊದಲನೆಯವನಾಗಿ ಆರಿಸಿತು. ಮುಂದಿನದು ನಮ್ಮದೆಂದು ಮೊಮ್ಮಗ ಕುರ್ಚಿಯ ತುದಿಗೆ ಬಂದನು. ಅಷ್ಟರಲ್ಲಿ ಸುದ್ದಿ: ಬ್ರೌನ್ಸ್ ಆ ಸರದಿಯನ್ನು ಕೆಳಗಿನ ಎರಡು ಸರದಿಗಳೊಡನೆ ಜ್ಯಾಕ್ಸನ್‌ವಿಲ್ಲಿಗೆ ಕೊಟ್ಟುಬಿಟ್ಟಿತು, ಬದಲಿಗೆ ಐದನೆಯದು, ಮೂವತ್ತಾರನೆಯದು, ನಾಲ್ಕನೆಯ ಸುತ್ತಿನದೊಂದು, ಜೊತೆಗೆ 2026ರ ಮೊದಲ ಸುತ್ತಿನದು. ಹಂಟರನು ಜ್ಯಾಕ್ಸನ್‌ವಿಲ್ಲಿನ ಪಾಲಾದನು. ಐದನೆಯದರಲ್ಲಿ ಬ್ರೌನ್ಸ್ ಆರಿಸಿದ್ದು ಮೇಸನ್ ಗ್ರೇಯಮ್ ಎಂಬ ಭಾರಿ ಆಳನ್ನು, ಅದೂ ಒಹೈಯೊದವರು ಹೆಸರೆತ್ತಿದರೆ ಮುಖ ತಿರುಗಿಸುವ ಮಿಷಿಗನ್ನಿನಿಂದ! ಮೊಮ್ಮಗ ಊಟ ಬಿಟ್ಟು ಎದ್ದುಹೋದನು. ಅಳಿಯಂದಿರು ಮಾತ್ರ ಒಳಗೊಳಗೇ ಸಂತೋಷಪಟ್ಟರು. ‘ಒಂದು ಬಾದಾಮಿ ಮಾವಿನಹಣ್ಣಿಗೆ ನಾಲ್ಕು ರಸಪುರಿ ಬಂತು, ಅತ್ತೆ. ಕುಯ್ದು ನೋಡದೆ ಯಾವುದು ಹುಳಿ ಯಾವುದು ಸಿಹಿ ಎಂದು ಹೇಳುವವರಾರು?’ ಎಂದರು. ನನಗೂ ಅದೇ ಸರಿಯೆಂದು ತೋರಿತು. ತಾನು ಬಲ್ಲೆನೆಂಬವನು ಮೂರು ಕೊಟ್ಟು ಒಂದು ತರುತ್ತಾನೆ. ತಾನರಿಯೆನೆಂಬವನು ಒಂದು ಕೊಟ್ಟು ಮೂರು ತರುತ್ತಾನೆ. ಆದರೂ ಇದನ್ನು ಹದಿನಾಲ್ಕು ವರ್ಷದವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಆ ವಯಸ್ಸಿಗೆ ಒಂದೇ ಹಣ್ಣಿನ ಮೇಲೆ ಆಸೆಯಿರುವುದೇ ಚೆನ್ನ.

ಅದೇ ಡ್ರಾಫ್ಟಿನಲ್ಲಿ ಮೊದಲ ಸುತ್ತಿನಲ್ಲಿಯೇ ಹೋಗುವನೆಂದು ಹಲವರು ಬರೆದಿದ್ದ ಕ್ವಾರ್ಟರ್‌ಬ್ಯಾಕ್ ಶಡ್ಯೂರ್ ಸ್ಯಾಂಡರ್ಸ್ ಇಡೀ ದೇಶ ನೋಡುತ್ತಿದ್ದಂತೆ ಮೂರನೆಯ ದಿನದವರೆಗೂ ಕುಳಿತೇ ಇದ್ದನು. 144ನೆಯವನಾಗಿ ಅವನನ್ನು ಎತ್ತಿಕೊಂಡದ್ದು ಬ್ರೌನ್ಸ್. ಹಿಂದಿನ ದಿನ ಅವರೇ ಬೇರೊಬ್ಬ ಕ್ವಾರ್ಟರ್‌ಬ್ಯಾಕನನ್ನು ಆರಿಸಿಯೂ ಆಗಿತ್ತು.

ಸರಿಯಾಗಿ ಆರಿಸಿದರೂ ಸೋಲುವುದುಂಟು. 2007ರಲ್ಲಿ ಬ್ರೌನ್ಸ್ ಮೂರನೆಯವನಾಗಿ ವಿಸ್ಕಾನ್ಸಿನ್ನಿನ ಜೋ ಥಾಮಸನನ್ನು ಆರಿಸಿತು. ಆ ಹೊತ್ತಿಗೆ ಆತನು ವೇದಿಕೆಯ ಬಳಿ ಇರಲಿಲ್ಲ. ತಂದೆಯೊಡನೆ ಮಿಷಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದನು. ಕ್ವಾರ್ಟರ್‌ಬ್ಯಾಕನ ಮೈಗಾವಲಿನ ಕೆಲಸ ಆತನದು. 10,363 ಸಲ ಚೆಂಡು ಎದ್ದಾಗ ಒಂದು ಸಲವೂ ತಪ್ಪದೆ ತನ್ನ ಜಾಗದಲ್ಲಿ ನಿಂತನು. 2017ರಲ್ಲಿ ತೋಳಿನ ಸ್ನಾಯು ಹರಿದಾಗ ಮಾತ್ರ ಹೊರಗೆ ಬಂದನು. 2023ರಲ್ಲಿ ಆತನನ್ನು ಕೀರ್ತಿಮಂದಿರಕ್ಕೆ ಸೇರಿಸಿದರು. ಆತನು ಆಡಿದಷ್ಟು ಕಾಲವೂ ಬ್ರೌನ್ಸ್ ಅಂತಿಮ ಹಂತದ ಪಂದ್ಯಗಳಿಗೆ ಒಮ್ಮೆಯೂ ಮುಟ್ಟಲಿಲ್ಲ.

ನಮ್ಮ ಪಕ್ಕದ ಮನೆಯವರ ಹುಡುಗನೊಬ್ಬನು ಆ ವರ್ಷ ಇದೇ ಮೈಗಾವಲಿನ ಕೆಲಸಕ್ಕೆ ಎದುರು ನೋಡುತ್ತಿದ್ದನು. ಸಣ್ಣ ಕಾಲೇಜು, ಇಂಡಿಯಾನಾಪೊಲಿಸ್ಸಿಗೆ ಕರೆ ಬಂದಿರಲಿಲ್ಲ. ಕಾಲೇಜಿನಲ್ಲಿ ಆಡಿ ಆ ವರ್ಷ ಹೊರಬರುವವರಲ್ಲಿ ಡ್ರಾಫ್ಟಿಗೆ ಸಿಕ್ಕುವವರು ನೂರಕ್ಕೆ ಇಬ್ಬರೂ ಇಲ್ಲ. ಶನಿವಾರ ಅವನ ತಾಯಿ ನೆಂಟರನ್ನೆಲ್ಲ ಕರೆದಿದ್ದರು. ನಾನೂ ಒಂದು ಸ್ಟೀಲಿನ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆನು. ಏಳನೆಯ ಸುತ್ತು ಮುಗಿಯಿತು, 257 ಹೆಸರುಗಳೂ ಮುಗಿದುವು. ಆಕೆ ಟೆಲಿವಿಷನ್ನನ್ನು ಆರಿಸಲಿಲ್ಲ, ಶಬ್ದವನ್ನು ಮಾತ್ರ ತಗ್ಗಿಸಿದರು. ಹತ್ತು ನಿಮಿಷವಾಗಿರಲಿಲ್ಲ, ಹುಡುಗನ ಫೋನು ಬಡಿಯಿತು. ಅದರ ಬೆನ್ನಿಗೇ ಇನ್ನೊಂದು ತಂಡದವರದು. ಯಾರೂ ಆರಿಸದೆ ಉಳಿದವನು ತನ್ನ ತಂಡವನ್ನು ತಾನೇ ಆರಿಸಿಕೊಳ್ಳಬಹುದೆಂಬ ನಿಯಮ ನನಗೆ ತಿಳಿದದ್ದು ಆಗಲೇ. ಮೊದಲನೆಯವನಾಗಿ ಆಯ್ಕೆಯಾದವನಿಗೆ ಇಲ್ಲದ ಸ್ವಾತಂತ್ರ್ಯ ಅವನಿಗಿತ್ತು! ಅವನು ಯಾರು ಹೆಚ್ಚು ಕೊಡುವರೆಂದು ಕೇಳಲಿಲ್ಲ. ಎರಡೂ ತಂಡಗಳಲ್ಲಿ ತನ್ನ ಸ್ಥಾನಕ್ಕೆ ಎಷ್ಟು ಜನರಿದ್ದಾರೆಂದು ಕಾಗದದ ಮೇಲೆ ಬರೆದುಕೊಂಡು, ಕಡಮೆಯಿದ್ದ ಕಡೆಗೆ ಒಪ್ಪಿಗೆ ಕೊಟ್ಟನು. ಆ ಕಾಗದವನ್ನು ಬರೆಯುವಾಗ ಅವನ ಕೈ ಸ್ವಲ್ಪವೂ ನಡುಗಲಿಲ್ಲ. ನಡುಗುತ್ತಿದ್ದುದು ತಾಯಿಯ ಕೈ.

ಬೇಸಿಗೆಯಲ್ಲಿ ಒಂದೊಂದು ತಂಡವೂ ತೊಂಬತ್ತು ಜನರನ್ನಿಟ್ಟುಕೊಂಡು, ಆಗಸ್ಟಿನ ಕೊನೆಗೆ ಐವತ್ತಮೂರಕ್ಕೆ ಇಳಿಸುತ್ತದೆ. ಅಷ್ಟು ಹೊತ್ತಿಗೆ ನಾನು ಮೈಸೂರಿಗೆ ಹಿಂದಿರುಗಿದ್ದೆನು. ಮಗಳು ಫೋನಿನಲ್ಲಿ ಹೇಳಿದಳು: ಐವತ್ತಮೂರರಲ್ಲಿ ಅವನ ಹೆಸರಿಲ್ಲ; ಆದರೆ ಅಭ್ಯಾಸದ ಪಡೆಯಲ್ಲಿ ಉಳಿಸಿಕೊಂಡಿದ್ದಾರೆ, ವಾರ ವಾರಕ್ಕೆ ಸಂಬಳ, ಯಾವ ವಾರ ಬೇಕಾದರೂ ಕಳುಹಿಸಿಬಿಡಬಹುದು, ಯಾವ ವಾರ ಬೇಕಾದರೂ ಕಣಕ್ಕಿಳಿಸಬಹುದು. ಅವನ ತಾಯಿ ನನ್ನ ಸ್ಟೀಲಿನ ಡಬ್ಬಿಯನ್ನು ತಂದುಕೊಟ್ಟರಂತೆ. ಬರಿದಾಗಿ ಹಿಂದಿರುಗಿಸಬಾರದೆಂದು ಆಕೆಗೆ ಯಾರು ಹೇಳಿಕೊಟ್ಟರೋ, ಅದರ ತುಂಬ ತಮ್ಮ ಹಿತ್ತಿಲಿನ ಸೇಬನ್ನು ಹೆಚ್ಚಿ ತುಂಬಿದ್ದರಂತೆ.