ಕಣ್ಣು ಹಿಂದಕ್ಕೆ ಹೋಗುವುದೇಕೆ?

ದೊಡವಾಡದಲ್ಲಿ ನಾವು ಶಾಲೆ ಕಲಿಯುತ್ತಿದ್ದಾಗ ಓದು ಎಂದರೆ ಗಟ್ಟಿಯಾಗಿ ಓದುವುದೇ ಆಗಿತ್ತು. ತಡವರಿಸದೆ ಪುಟ ಮುಗಿಸಿದವನು ಜಾಣ, ನಿಂತು ಹಿಂದಿನ ಪದಕ್ಕೆ ಮರಳಿದವನು ದಡ್ಡ. ಮನೆಯಲ್ಲಿ ಉರ್ದು ಆಡುತ್ತಿದ್ದ ನಮ್ಮಂಥವರು ಹೆಚ್ಚಾಗಿ ಎರಡನೆಯ ಗುಂಪಿನವರು. ಜಾಣನಿಗಾದರೂ ಅರ್ಥವಾಯಿತೇ ಎಂದು ಅಕ್ಕೋರು ವಿಚಾರಿಸಿದ್ದು ಕಡಿಮೆ.

ಕಣ್ಣಿನ ಚಲನೆಯನ್ನು ಅಳೆಯುವ ವಿಜ್ಞಾನ ಈ ತೀರ್ಪನ್ನು ಒಪ್ಪುವುದಿಲ್ಲ. ಓದುವಾಗ ಕಣ್ಣು ನೀರಿನಂತೆ ಹರಿಯುವುದಿಲ್ಲ; ಜಿಗಿಯುತ್ತದೆ, ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಪ್ಯಾರಿಸಿನ ನೇತ್ರವೈದ್ಯ ಎಮಿಲ್ ಜವಾಲ್ 1870ರ ದಶಕದ ಕೊನೆಯಲ್ಲೇ ಈ ಬಗ್ಗೆ ಬರೆದಿದ್ದರು. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡು. ಅಕ್ಷರಗಳನ್ನು ಗ್ರಹಿಸುವುದು ಆಗಲೇ. ಇಂದಿನ ಯಂತ್ರಗಳು ಇನ್ಫ್ರಾರೆಡ್ ಬೆಳಕನ್ನು ಕಣ್ಣಿನ ಮೇಲೆ ಬಿಟ್ಟು, ಅದರ ಪ್ರತಿಫಲನವನ್ನು ಕ್ಯಾಮೆರಾದಲ್ಲಿ ಹಿಡಿದು, ನೋಟ ಯಾವ ಪದದ ಮೇಲಿದೆ ಎಂದು ಲೆಕ್ಕ ಹಾಕುತ್ತವೆ. ಪರಿಚಯವಿಲ್ಲದ ಪದದ ಮೇಲೆ ನೋಟ ಹೆಚ್ಚು ಹೊತ್ತು ತಂಗುತ್ತದೆ. ನುರಿತ ಓದುಗನ ಕಣ್ಣೂ ಹತ್ತು ಜಿಗಿತಗಳಲ್ಲಿ ಒಂದನ್ನಾದರೂ ಹಿಂದಕ್ಕೆ ಹಾಕುತ್ತದೆ.

ಇನ್ನೊಂದು ಸಂಗತಿ ಉರ್ದು ಬಲ್ಲವರಿಗೆ ಹಿಡಿಸೀತು. ಎಡದಿಂದ ಬಲಕ್ಕೆ ಓದುವಾಗ ಕಣ್ಣು ಬಲಗಡೆಯ ಅಕ್ಷರಗಳನ್ನು ಮುಂಚಿತವಾಗಿಯೇ ಹೆಚ್ಚು ಗ್ರಹಿಸುತ್ತಿರುತ್ತದೆ. ಉರ್ದು, ಇಂಗ್ಲಿಷ್ ಎರಡನ್ನೂ ಓದಬಲ್ಲವರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉರ್ದು ಓದುವಾಗ ಈ ಒಲವು ಎಡಕ್ಕೆ ತಿರುಗಿತ್ತು. ಬೆಳಿಗ್ಗೆ ಮದ್ರಸಾ, ಆಮೇಲೆ ಶಾಲೆ. ದಿನವೂ ದಿಕ್ಕು ಬದಲಿಸಿದ ನಮ್ಮ ಕಣ್ಣುಗಳ ಕಸರತ್ತಿಗೆ ಅಂಕಪಟ್ಟಿಯಲ್ಲಿ ಜಾಗವಿರಲಿಲ್ಲ!

ಕನ್ನಡ ಲಿಪಿಯ ಹೊರೆಯೂ ಹಗುರವಲ್ಲ. ಕಾಗುಣಿತ, ಒತ್ತಕ್ಷರ ಸೇರಿದರೆ ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದನ್ನು ಅಭ್ಯಸಿಸಿದ ಸೋನಾಲಿ ನಾಗ್, ಈ ಕಲಿಕೆ ಒಂದನೆಯ ತರಗತಿಗೆ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂದು 2007ರಲ್ಲಿ ತೋರಿಸಿಕೊಟ್ಟರು.

ಹಾಗಾದರೆ ಪರೀಕ್ಷೆಯನ್ನು ಯಂತ್ರಕ್ಕೇ ಒಪ್ಪಿಸಿಬಿಡೋಣವೇ? ನಮಗೆ ಅನುಮಾನ. ಕಣ್ಣು ಎಲ್ಲಿ ನಿಂತಿತೆಂದು ಅದು ಹೇಳುತ್ತದೆ, ಯಾಕೆ ನಿಂತಿತೆಂದು ಹೇಳುವುದಿಲ್ಲ. ಪದ ತಿಳಿಯದೆ ನಿಂತಿರಬಹುದು, ಅರ್ಥ ಕೂಡಿಸಿಕೊಳ್ಳಲು ಮರಳಿರಬಹುದು, ಮನಸ್ಸು ಹತ್ತಿ ಹೊಲಕ್ಕೆ ಹೋಗಿರಲೂಬಹುದು. ಓದಿಸಿದ ಮೇಲೆ, "ಏನ್ ತಿಳೀತು, ನಿನ್ನ ಮಾತಿನ್ಯಾಗ ಹೇಳಪಾ" ಎಂದು ಕೇಳುವುದಕ್ಕೆ ಯಂತ್ರ ಬೇಕಿಲ್ಲ. ಹೇಳುವಾಗ ನಡುವೆ ಉರ್ದು ಮಾತು ನುಸುಳಿದರೆ ನುಸುಳಲಿ. ನಾವು ಕೇಳುತ್ತಿರುವುದು ಕತೆ ತಿಳಿಯಿತೇ ಎಂದಷ್ಟೆ.